ಸತ್ತ ಮೇಲೆ ದುಡಿಯುವವರ ಊರು

ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿನ ಮುಂದೆ ಬಿಸಿಲೇರುವ ಹೊತ್ತಿಗೆ ಏಳೆಂಟು ಮೊಜಾರ್ಟರು ಡ್ಯೂಟಿಗೆ ಹಾಜರಾಗಿರುತ್ತಾರೆ. ತಲೆಗೆ ಬಿಳಿ ವಿಗ್ಗು, ಮೈಗೆ ಜರಿ ಅಂಚಿನ ಕೆಂಪು ಕೋಟು, ಮೊಣಕಾಲುದ್ದದ ಕಾಲುಚೀಲ. ಅದರ ಕೆಳಗೆ ಮಾತ್ರ ನಮ್ಮ ಕಾಲದ ಸ್ಪೋರ್ಟ್ಸ್ ಶೂ. ಒಬ್ಬ ಮೊಜಾರ್ಟ್ ಗೋಡೆಗೊರಗಿ ಸಿಗರೇಟು ಸೇದುತ್ತಿದ್ದರೆ, ಇನ್ನೊಬ್ಬ ಮೊಬೈಲಿನಲ್ಲಿ ಯಾರೊಂದಿಗೋ ಜಗಳ ಕಾಯುತ್ತಿರುತ್ತಾನೆ. ಮೂರನೆಯವನು ಬಗಲಲ್ಲಿ ಪ್ಲಾಸ್ಟಿಕ್ ಹೊದಿಸಿದ ಸೀಟುಗಳ ನಕ್ಷೆ ಹಿಡಿದು ನಮ್ಮ ಕಡೆಗೇ ಬರುತ್ತಾನೆ. ನಮ್ಮ ಮೈಬಣ್ಣ ಅವನಿಗೆ ಅರ್ಧ ಫರ್ಲಾಂಗಿನಿಂದಲೇ ಗೊತ್ತು. "ನಮಸ್ತೆ! ಇಂಡಿಯಾ? ಶಾರುಖ್ ಖಾನ್! ಇವತ್ತು ಸಂಜೆ ಕಾನ್ಸರ್ಟ್, ನಿಮಗೆ ಸ್ಪೆಷಲ್ ಡಿಸ್ಕೌಂಟ್!"

ಅಸಲಿ ಮೊಜಾರ್ಟ್ ಇದೇ ಊರಿನಲ್ಲಿ ತನ್ನ ಕಛೇರಿಗೆ ತಾನೇ ಚಂದಾ ಎತ್ತುತ್ತಿದ್ದ. 1789ರಲ್ಲಿ ಎರಡು ವಾರ ಚಂದಾದಾರರ ಪಟ್ಟಿ ಊರೆಲ್ಲ ತಿರುಗಿತು. ವಾಪಸು ಬಂದಾಗ ಅದರಲ್ಲಿ ಇದ್ದದ್ದು ಒಂದೇ ಹೆಸರು, ಬ್ಯಾರನ್ ಫಾನ್ ಸ್ವೀಟನ್ ಎಂಬವನದು. ಪಾಪ, ಮೊಜಾರ್ಟನಿಗೆ ವ್ಯಾಪಾರದ ಗುಟ್ಟು ತಿಳಿದಿರಲಿಲ್ಲ. ಈ ಊರಿನಲ್ಲಿ ಟಿಕೆಟ್ ಹೋಗಬೇಕಾದರೆ ಮೊದಲು ಸಾಯಬೇಕು.

ಅವನು ಇಲ್ಲಿ ನೆಲೆಯೂರಿದ ಬಗೆಯೂ ಸೊಗಸಾದದ್ದೇ. 1781ರಲ್ಲಿ ಸಾಲ್ಸ್‌ಬರ್ಗಿನ ಆರ್ಚ್‌ಬಿಷಪ್ಪನ ಚಾಕರಿ ಸಾಕು ಎಂದಾಗ ಬಿಷಪ್ಪನ ಕಾರಭಾರಿ ಕೌಂಟ್ ಆರ್ಕೊ ಅವನ ಕುಂಡಿಗೆ ಒದ್ದು ಹೊರಗಟ್ಟಿದ. ಇದನ್ನು ಮೊಜಾರ್ಟೇ ಅಪ್ಪನಿಗೆ ಕಾಗದ ಬರೆದು ತಿಳಿಸಿದ್ದಾನೆ. ಸಂಗೀತದ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ಒದೆ ಇನ್ನೊಂದಿರಲಾರದು. ಬಿಷಪ್ಪನ ಪರಿವಾರ ಇಳಿದುಕೊಂಡಿದ್ದ ಕಟ್ಟಡದ ಚಿತ್ತಾರದ ಕೋಣೆಯಲ್ಲಿ ಈಗ ಮೊಜಾರ್ಟ್ ಕಛೇರಿಗೆ ಟಿಕೆಟ್ ಮಾರುತ್ತಾರೆ. ಮುಂದೆ 1787ರಲ್ಲಿ ಆಸ್ಥಾನದ ಕೆಲಸವೂ ಸಿಕ್ಕಿತೆನ್ನಿ. ಅವನಿಗಿಂತ ಮೊದಲು ಆ ಜಾಗದಲ್ಲಿದ್ದ ಗ್ಲೂಕನಿಗೆ ವರ್ಷಕ್ಕೆ 2000 ಗುಲ್ಡನ್, ಇವನಿಗೆ 800. ಕೆಲಸ? ಅರಮನೆಯ ಕುಣಿತಗಳಿಗೆ ಟ್ಯೂನು ಹಾಕಿ ಕೊಡುವುದು. ಉಳಿದ ಹೊತ್ತಿನಲ್ಲಿ ಗೆಳೆಯ ಪೂಕ್‌ಬರ್ಗನಿಗೆ ಸಾಲ ಕೇಳಿ ಕಾಗದ ಬರೆಯುವುದು. ಆ ಕಾಗದಗಳಲ್ಲಿ ಸುಮಾರು ಇಪ್ಪತ್ತು ಉಳಿದಿವೆ. ಅವುಗಳಷ್ಟು ಮನಮುಟ್ಟುವ ಗದ್ಯವನ್ನು ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಇವತ್ತಿಗೂ ಯಾರೂ ಬರೆದಿಲ್ಲ.

1791ರ ಡಿಸೆಂಬರ್ 5ರಂದು ಅವನು ತೀರಿಕೊಂಡ ಮನೆಯನ್ನು ಮುಂದೆ ಊರೇ ಕೆಡವಿತು. ಆ ಜಾಗದಲ್ಲಿ ಈಗ ಷ್ಟೆಫ್ಲ್ ಎಂಬ ಬಹುಮಹಡಿ ಅಂಗಡಿ. ಮೊಜಾರ್ಟ್ ಕೊನೆಯುಸಿರೆಳೆದಲ್ಲಿ ನೀವು ಪ್ಯಾಂಟು ತೊಟ್ಟು ನೋಡಬಹುದು. ಅವನು ಮೂರು ವರ್ಷವೂ ನೆಟ್ಟಗೆ ಇರದಿದ್ದ ಡೋಮ್‌ಗಾಸೆಯ ಬಾಡಿಗೆ ಮನೆ ಮಾತ್ರ ಮ್ಯೂಸಿಯಂ ಆಗಿದೆ. 'ಫಿಗರೋ' ಆಪೆರಾ ಹುಟ್ಟಿದ್ದು ಅಲ್ಲೇ. ಅವನು ಕೂತ ಕುರ್ಚಿ ಅಲ್ಲಿಲ್ಲ, ಮಲಗಿದ ಮಂಚವಿಲ್ಲ. ಆ ಕಾಲದವು ಎನ್ನುವ ಒಂದಿಷ್ಟು ಸಾಮಾನುಗಳಿವೆ, ಕಿವಿಗೆ ಸಿಕ್ಕಿಸಿಕೊಳ್ಳುವ ವಿವರಣೆಯಿದೆ, ಹೊರಬರುವ ದಾರಿಯಲ್ಲಿ ಅಂಗಡಿಯಿದೆ. ಇಷ್ಟಿದ್ದರೆ ಮ್ಯೂಸಿಯಂ ನಡೆಯುತ್ತದೆ.

ನಮ್ಮ ಬಸ್ಸಿನವರಿಗೆ ಇದಕ್ಕೆಲ್ಲ ಪುರುಸೊತ್ತಿರಲಿಲ್ಲ. ವಿಯೆನ್ನಾಕ್ಕೆ ಗೊತ್ತಾಗಿದ್ದದ್ದು ಒಂದು ಹಗಲು, ಅದರಲ್ಲಿ ಇಂಡಿಯನ್ ಲಂಚಿಗೆ ಒಂದೂವರೆ ತಾಸು. ಕೈಗೆ ಕೊಟ್ಟ ಕಾರ್ಯಕ್ರಮದ ಹಾಳೆಯಲ್ಲಿ ಆಪೆರಾ ಹೌಸಿನ ಮುಂದೆ 'ಫೋಟೋ ಸ್ಟಾಪ್' ಎಂದಿತ್ತು, ಸಂಗೀತ ಮಂದಿರ ಮ್ಯೂಸಿಕ್‌ಫೆರೈನ್ ಮುಂದೆ 'ಬಸ್ಸಿನಿಂದ ನೋಟ'. ಸಂಗೀತದ ರಾಜಧಾನಿಯನ್ನು ಕಿಟಕಿ ಮುಚ್ಚಿದ ಏಸಿ ಬಸ್ಸಿನಲ್ಲಿ ಸುತ್ತಿದೆವು. ಒಳಗೆ ಹಿಂದಿ ಅಂತ್ಯಾಕ್ಷರಿ ನಡೆಯುತ್ತಿತ್ತು.

ಶೋನ್‌ಬ್ರುನ್ ಅರಮನೆಯ ಹಳದಿ ಗೋಡೆಯ ಮುಂದೆ ಇಳಿಸಿದಾಗ ಜಯನಗರದ ದಂಪತಿ ನನ್ನ ಪಕ್ಕದಲ್ಲಿದ್ದರು.

"ಏನ್ರೀ, ಎಷ್ಟು ರೂಮಂತೆ?"

"ಸಾವಿರದ ನಾನೂರ ನಲವತ್ತೊಂದು ಕಣೇ. ಈಗ ತಾನೇ ಹೇಳಲಿಲ್ವೆ ಅವನು?"

"ಅಯ್ಯೋ ರಾಮ! ನಮ್ಮ ಮೂರು ರೂಮಿಗೇ ಕೆಲಸದವಳು ವಾರಕ್ಕೆರಡು ರಜ ಹಾಕ್ತಾಳೆ."

ಗೈಡ್ ಕನ್ನಡಿ ಕೋಣೆಯಲ್ಲಿ ನಿಂತು ಎಲ್ಲ ಗೈಡುಗಳೂ ಹೇಳುವ ಕತೆ ಹೇಳಿದ. 1762ರಲ್ಲಿ ಆರು ವರ್ಷದ ಮೊಜಾರ್ಟ್ ಈ ಅರಮನೆಯಲ್ಲಿ ನುಡಿಸಿದ, ಆಮೇಲೆ ಟಣ್ಣನೆ ಹಾರಿ ಮಹಾರಾಣಿ ಮರಿಯಾ ತೆರೇಸಾಳ ತೊಡೆಯೇರಿ ಕುಳಿತು ಮುತ್ತು ಕೊಟ್ಟ. ಎಲ್ಲರೂ 'ಅಯ್ಯೋ ಕಂದಾ' ಎಂದರು. ಒಂಬತ್ತು ವರ್ಷದ ನಂತರದ ಕತೆಯನ್ನು ಗೈಡುಗಳು ಹೇಳುವುದಿಲ್ಲ. ಮಿಲಾನಿನಲ್ಲಿದ್ದ ಆಕೆಯ ಮಗ ಈ ಹುಡುಗನನ್ನು ಕೆಲಸಕ್ಕಿಟ್ಟುಕೊಳ್ಳಲೇ ಎಂದು ಕೇಳಿದಾಗ ಅದೇ ಮಹಾತಾಯಿ 1771ರಲ್ಲಿ ಕಾಗದ ಬರೆದಳು. ಅಂಥ ಕೆಲಸಕ್ಕೆ ಬಾರದ ಜನರನ್ನು ತಲೆಗೆ ಕಟ್ಟಿಕೊಳ್ಳಬೇಡ, ಭಿಕ್ಷುಕರ ಹಾಗೆ ಲೋಕವೆಲ್ಲ ಅಲೆಯುವವರು ಎಂಬುದು ಅದರ ತಾತ್ಪರ್ಯ. ತೊಡೆಯ ಮೇಲಿನ ಮಗುವಿನ ಚಿತ್ರ ಮಗ್ಗಿನ ಮೇಲೆ ಚೆನ್ನಾಗಿ ಕಾಣುತ್ತದೆ. ಕಾಗದದ ಚಿತ್ರವನ್ನು ಯಾರು ಕೊಳ್ಳುತ್ತಾರೆ?

ಮಗ್ಗಿನ ಮೇಲೆ ಮೊಜಾರ್ಟನಿಗೆ ಪೈಪೋಟಿ ಕೊಡುವವಳು ಸಿಸಿ, ಅಂದರೆ ಮಹಾರಾಣಿ ಎಲಿಜಬೆತ್. ಆಕೆಗೆ ಈ ಊರನ್ನು, ಈ ಆಸ್ಥಾನವನ್ನು ಕಂಡರೆ ಆಗುತ್ತಿರಲಿಲ್ಲ. ಒಂದಲ್ಲ ಒಂದು ನೆಪದಲ್ಲಿ ಊರು ಬಿಟ್ಟೇ ಇರುತ್ತಿದ್ದಳು, ಕೊನೆಗೆ 1898ರಲ್ಲಿ ಕೊಲೆಯಾದದ್ದೂ ಜಿನೀವಾದಲ್ಲಿ. ಬದುಕಿಡೀ ತಪ್ಪಿಸಿಕೊಂಡವಳನ್ನು ಈಗ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಹಾಕಿ ಅಂಟಿಸಲಾಗಿದೆ.

ನೆನಪಿನ ಕಾಣಿಕೆ ಕೊಳ್ಳುವ ಚಟವನ್ನು ಈ ಊರಿಗೆ ಪ್ರವಾಸಿಗರು ಹಚ್ಚಿದರೆಂದು ತಿಳಿಯಬೇಡಿ. ಅದರಲ್ಲಿ ಸ್ಥಳೀಯರೇ ಮುಂದು. ಸಂಗೀತಗಾರ ಹೈಡನ್ 1809ರ ಮೇ 31ರಂದು ತೀರಿಕೊಂಡಾಗ ನೆಪೋಲಿಯನ್ನನ ಸೈನ್ಯ ವಿಯೆನ್ನಾದಲ್ಲಿತ್ತು. ಆ ಗದ್ದಲದಲ್ಲಿ ಮಣ್ಣೂ ಸದ್ದಿಲ್ಲದೆ ಆಯಿತು. ಕೆಲವೇ ದಿನಗಳಲ್ಲಿ ಇಬ್ಬರು ಭಕ್ತರು ಗುಂಡಿ ತೋಡುವವನ ಕೈ ಬಿಸಿ ಮಾಡಿ ಹೈಡನ್ನನ ತಲೆ ಕತ್ತರಿಸಿ ತರಿಸಿಕೊಂಡರು. ಒಬ್ಬ ರೋಸೆನ್‌ಬೌಮ್, ಹೈಡನ್ ಕೆಲಸ ಮಾಡಿದ ಎಸ್ಟರ್‌ಹಾಜಿ ಅರಸುಮನೆಯಲ್ಲೇ ಗುಮಾಸ್ತೆಯಾಗಿದ್ದವನು. ಇನ್ನೊಬ್ಬ ಜೈಲಿನ ಅಧಿಕಾರಿ. ತಲೆಬುರುಡೆಯ ಉಬ್ಬುತಗ್ಗು ನೋಡಿ ಪ್ರತಿಭೆ ಅಳೆಯುವುದು ಆಗಿನ ದೊಡ್ಡ 'ವಿಜ್ಞಾನ'. ಸಂಗೀತದ ಉಬ್ಬು ಪೂರ್ತಿ ಬೆಳೆದಿದೆ ಎಂದು ಅವರು ಸಮಾಧಾನಪಟ್ಟರು. ಸ್ವರಮೇಳಗಳನ್ನು ಕೇಳಿ ಖಾತ್ರಿಯಾಗದ್ದು ಮೂಳೆ ಸವರಿ ಖಾತ್ರಿಯಾಯಿತು.

1820ರಲ್ಲಿ ಎಸ್ಟರ್‌ಹಾಜಿ ಅರಸನಿಗೆ ತನ್ನ ಹಳೆಯ ಸಂಗೀತಗಾರನ ನೆನಪಾಯಿತು. ಹೆಣವನ್ನು ತನ್ನ ಊರು ಐಸೆನ್‌ಷ್ಟಾಟಿಗೆ ಸಾಗಿಸಲೆಂದು ಗೋರಿ ತೆಗೆಸಿದರೆ ಒಳಗೆ ಮೈಯಿದೆ, ವಿಗ್ಗಿದೆ, ತಲೆಯಿಲ್ಲ. ಪೊಲೀಸರು ರೋಸೆನ್‌ಬೌಮನ ಮನೆ ಜಾಲಾಡಿದರು. ಅವನು ಬುರುಡೆಯನ್ನು ಹಾಸಿಗೆಯೊಳಗೆ ತುರುಕಿ ಅದರ ಮೇಲೆ ಹೆಂಡತಿಯನ್ನು ಮಲಗಿಸಿ, ಮುಟ್ಟಾಗಿದ್ದಾಳೆ ಎಂದುಬಿಟ್ಟ. ಪೊಲೀಸರು ಮರ್ಯಾದಸ್ಥರು, ಬಾಗಿಲಿನಿಂದಲೇ ಹಿಂದಿರುಗಿದರು. ಕಡೆಗೆ ದುಡ್ಡಿನ ಆಸೆ ತೋರಿಸಿದಾಗ ಯಾರದೋ ತಲೆಯನ್ನು ಹೈಡನ್ನನದೆಂದು ಕೊಟ್ಟು ಕೈ ತೊಳೆದುಕೊಂಡ. ಅಸಲಿ ಬುರುಡೆ ಕೈಯಿಂದ ಕೈಗೆ ದಾಟಿ 1895ರಲ್ಲಿ ವಿಯೆನ್ನಾದ ಸಂಗೀತಪ್ರಿಯರ ಸಂಘಕ್ಕೆ ಬಂತು. ಸಂಘ ಅದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿತ್ತು. 1954ರಲ್ಲಿ ಮೆರವಣಿಗೆ ಮಾಡಿ ತಲೆಯನ್ನು ಮೈಗೆ ಸೇರಿಸಿದರು. ಆದರೆ ಮೊದಲೇ ಇಟ್ಟಿದ್ದ ಪರರ ತಲೆಯನ್ನು ತೆಗೆಯಲಿಲ್ಲ. ಐಸೆನ್‌ಷ್ಟಾಟಿನ ಅಮೃತಶಿಲೆಯ ಗೋರಿಯಲ್ಲಿ ಹೈಡನ್ ಈಗ ಎರಡು ತಲೆ ಇಟ್ಟುಕೊಂಡು ಮಲಗಿದ್ದಾನೆ. ಎರಡನೆಯದು ಯಾವ ಬಡಪಾಯಿಯದೋ, ಅವನ ಅದೃಷ್ಟವೇ ಅದೃಷ್ಟ.

ಹೆಣ ಹಂಚುವುದರಲ್ಲಿ ಅರಸುಮನೆಯೇ ಮೇಲ್ಪಂಕ್ತಿ ಹಾಕಿತ್ತು ಬಿಡಿ. ಹಾಬ್ಸ್‌ಬರ್ಗ್ ದೊರೆಗಳ ಮೈ ಕಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ, ಹೃದಯ ಬೆಳ್ಳಿ ಕರಂಡಕದಲ್ಲಿ ಅಗಸ್ಟೀನ್ ಚರ್ಚಿನಲ್ಲಿ, ಕರುಳು ತಾಮ್ರದ ಪಾತ್ರೆಯಲ್ಲಿ ಸೇಂಟ್ ಸ್ಟೀಫನ್ ಚರ್ಚಿನ ಅಡಿಯಲ್ಲಿ. ಒಬ್ಬ ದೊರೆಯನ್ನು ಇಡಿಯಾಗಿ ನೋಡಲು ಮೂರು ಕಡೆ ತಿರುಗಬೇಕು. ಪ್ರವಾಸೋದ್ಯಮ ಇಲಾಖೆ ಎಂಬುದು ಹುಟ್ಟುವ ಮೊದಲೇ ಅದಕ್ಕೆ ಬೇಕಾದ ಬುದ್ಧಿ ಇಲ್ಲಿ ಹುಟ್ಟಿತ್ತು.

ಆ ಬುದ್ಧಿ ಕೈಗೂಡಿದ್ದು ಊರಾಚೆಯ ಕೇಂದ್ರ ಸ್ಮಶಾನದಲ್ಲಿ. 1874ರಲ್ಲಿ ತೆರೆದಾಗ ಅಷ್ಟು ದೂರದ ಬಯಲಿಗೆ ಹೆಣವಾಗಿ ಹೋಗುವುದಕ್ಕೂ ವಿಯೆನ್ನಾದವರಿಗೆ ಮನಸ್ಸಿರಲಿಲ್ಲ. ಗಿರಾಕಿಗಳನ್ನು ಎಳೆಯಲು ನಗರಸಭೆ ಹೆಸರುವಾಸಿಗಳಿಗೆ ಗೌರವದ ಗೋರಿಗಳ ವಿಭಾಗವನ್ನೇ ಮಾಡಿತು. ಬೇರೆ ಸ್ಮಶಾನದಲ್ಲಿ ನೆಮ್ಮದಿಯಾಗಿ ಮಲಗಿದ್ದ ಬೀಥೋವನ್ ಮತ್ತು ಶೂಬರ್ಟರನ್ನು 1888ರಲ್ಲಿ ಅಗೆದು ತಂದು ಇಲ್ಲಿ ಹೂಳಿತು. ಅದಕ್ಕೂ ಮುಂಚೆ 1863ರಲ್ಲಿ ಒಮ್ಮೆ ಇಬ್ಬರನ್ನೂ ಅಗೆದು ನೋಡಿಯಾಗಿತ್ತು. ಬೀಥೋವನ್ ಬದುಕಿದ್ದಾಗ ವಿಯೆನ್ನಾದಲ್ಲಿ ಮನೆ ಬದಲಿಸಿದ ಲೆಕ್ಕ ಇಟ್ಟವರಿಲ್ಲ. ಸತ್ತ ಮೇಲೂ ಅವನಿಗೆ ಮನೆ ಖಾಲಿ ಮಾಡುವುದು ತಪ್ಪಲಿಲ್ಲ. ಆಮೇಲೆ ಬ್ರಾಮ್ಸ್ ಬಂದ, ಯೋಹಾನ್ ಸ್ಟ್ರೌಸ್ ಬಂದ. ಈಗ ಅಲ್ಲಿ ಮಲಗಿರುವವರು ಸುಮಾರು 30 ಲಕ್ಷ, ಊರಿನಲ್ಲಿ ಓಡಾಡುವವರು ಸುಮಾರು 20 ಲಕ್ಷ. ಅಲ್ಲಿಗೆ ಹೋಗುವ ಟ್ರಾಮು 71ನೇ ನಂಬರಿನದು. ಯಾರಾದರೂ ತೀರಿಕೊಂಡರೆ ವಿಯೆನ್ನಾದವರು '71 ಹತ್ತಿದ' ಎನ್ನುತ್ತಾರೆ. ಪ್ರವಾಸಿಗ ಮಾತ್ರ ಅದನ್ನು ಹತ್ತಿ, ಸೆಲ್ಫಿ ತೆಗೆದುಕೊಂಡು, ಅದರಲ್ಲೇ ವಾಪಸು ಬರುತ್ತಾನೆ.

ಮೊಜಾರ್ಟನ ವಿಷಯದಲ್ಲಿ ಸಣ್ಣ ತೊಡಕಿತ್ತು. ಅವನನ್ನು ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ ಮೂರನೇ ದರ್ಜೆಯ ಅಂತ್ಯಕ್ರಿಯೆ ಮಾಡಿ, ಗುರುತಿಲ್ಲದ ಸಾಮಾನ್ಯ ಗುಂಡಿಯಲ್ಲಿ ಹೂಳಿದ್ದರು. ಮೂಳೆ ಸಿಗದಿದ್ದರೆ ಏನಂತೆ? ಅಂದಾಜಿನ ಮೇಲೆ ಅಲ್ಲಿ ನಿಲ್ಲಿಸಿದ್ದ ಸ್ಮಾರಕವನ್ನೇ, ಅವನು ಸತ್ತ ನೂರನೇ ವರ್ಷ 1891ರಲ್ಲಿ ಕೇಂದ್ರ ಸ್ಮಶಾನಕ್ಕೆ ಸಾಗಿಸಿದರು. ಬರಿದಾದ ಜಾಗದಲ್ಲಿ ಸ್ಮಶಾನದ ನೌಕರನೊಬ್ಬ ಬೇರೆಯವರ ಗೋರಿಗಳಿಂದ ಬಿದ್ದ ಮುರುಕು ಕಂಬ, ಅಳುವ ದೇವಕನ್ನಿಕೆ ಎಲ್ಲ ಹೊಂದಿಸಿ ಇನ್ನೊಂದು ಗೋರಿ ನಿಲ್ಲಿಸಿದ. ಹೀಗಾಗಿ ಮೊಜಾರ್ಟನಿಗೆ ಎರಡು ಗೋರಿ. ಒಂದರಲ್ಲಿ ಅವನಿಲ್ಲ ಎಂಬುದು ಖಚಿತ, ಇನ್ನೊಂದರಲ್ಲಿ ಇದ್ದಾನೆ ಎಂಬುದು ಖಚಿತವಿಲ್ಲ. ಎರಡೂ ಕಡೆ ಹೂವಿಗೆ ಬರವಿಲ್ಲ. ಇರುವಾಗ ಇಕ್ಕದವರು ಸತ್ತ ಮೇಲೆ ಎಡೆ ಇಟ್ಟರು ಎಂದು ನಮ್ಮ ಕಡೆ ಆಡಿಕೊಳ್ಳುತ್ತೇವಲ್ಲ, ಇಲ್ಲಿ ಎಡೆಗೂ ಜಿಎಸ್‌ಟಿ ಉಂಟು.

ಶೂಬರ್ಟ್ ಅಪ್ಪಟ ವಿಯೆನ್ನಾದಲ್ಲೇ ಹುಟ್ಟಿದವನು. ಅವನಿಗೆ ಊರು ಕೊಟ್ಟ ಮರ್ಯಾದೆ ಕೇಳಿ. ತನ್ನದೇ ರಚನೆಗಳ ಸಾರ್ವಜನಿಕ ಕಛೇರಿ ಅವನ ಬಾಳಿನಲ್ಲಿ ನಡೆದದ್ದು ಒಂದೇ ಒಂದು, 1828ರ ಮಾರ್ಚ್ 26ರಂದು. ಮೂರು ದಿನ ಕಳೆಯುವುದರಲ್ಲಿ ಇಟಲಿಯ ಪಿಟೀಲು ಮಾಂತ್ರಿಕ ಪಗನೀನಿ ಬಂದ. ಪತ್ರಿಕೆಗಳೆಲ್ಲ ಅವನ ಹಿಂದೆ ಓಡಿದವು, ಶೂಬರ್ಟನ ಬಗ್ಗೆ ಬರೆಯಲು ಶಾಯಿ ಉಳಿಯಲಿಲ್ಲ. ಅದೇ ನವೆಂಬರಿನಲ್ಲಿ, 31ನೇ ವಯಸ್ಸಿಗೆ, ಅವನು ಹೋಗಿಬಿಟ್ಟ. ಅವನ 'ಅಪೂರ್ಣ' ಸ್ವರಮೇಳವನ್ನು ಊರು ಮೊದಲು ಕೇಳಿದ್ದು 1865ರಲ್ಲಿ. ಈಗ ಅವನು ಹುಟ್ಟಿದ ಮನೆಯಲ್ಲಿ ಅವನ ಮುರುಕು ಕನ್ನಡಕವನ್ನು ಗಾಜಿನೊಳಗಿಟ್ಟು ತೋರಿಸುತ್ತಾರೆ.

ಬದುಕಿರುವ ಸಂಗೀತಗಾರ ಎದುರು ಸಿಕ್ಕರೆ ಈ ರಸಿಕರು ಏನು ಮಾಡುತ್ತಾರೆಂಬುದಕ್ಕೆ 1913ರ ಮಾರ್ಚ್ 31ರ ಸಂಜೆ ಸಾಕ್ಷಿ. ಅದೇ ಮ್ಯೂಸಿಕ್‌ಫೆರೈನಿನ ಬಂಗಾರದ ಸಭಾಂಗಣ. ಶೋನ್‌ಬರ್ಗ್ ವಾದ್ಯವೃಂದ ನಡೆಸುತ್ತಿದ್ದ, ವೆಬರ್ನ್, ಬೆರ್ಗ್ ಮುಂತಾದವರ ಹೊಸ ರಚನೆಗಳು. ಮೊದಲು ನಗು, ಆಮೇಲೆ ಕೂಗು, ಆಮೇಲೆ ಕಪಾಳಮೋಕ್ಷ. ಕಾರ್ಯಕ್ರಮ ಅರ್ಧಕ್ಕೇ ನಿಂತಿತು. ಪ್ರಕರಣ ಕೋರ್ಟಿಗೆ ಹೋದಾಗ ಸಾಕ್ಷಿ ಹೇಳಲು ಬಂದ ಒಬ್ಬ ಸಂಗೀತಗಾರ, ಆ ಸಂಜೆ ಕೇಳಿದ ಅತ್ಯಂತ ಇಂಪಾದ ನಾದವೆಂದರೆ ಆ ಕೆನ್ನೆಯೇಟೇ ಎಂದನಂತೆ. ಬಸ್ಸಿನ ಕಿಟಕಿಯಿಂದ ಆ ಕಟ್ಟಡ ತೋರಿಸುವಾಗ ಗೈಡ್ ಬಂಗಾರದ ಬಣ್ಣದ ಬಗ್ಗೆ ಹೇಳಿದ, ಕೆನ್ನೆಯ ಬಗ್ಗೆ ಹೇಳಲಿಲ್ಲ.

ಬಸ್ಸಿನಲ್ಲಿ ಮೈಸೂರಿನವರೂ ಇದ್ದರು. ಅವರ ಊರಿನ ಮಹಾರಾಜ ಜಯಚಾಮರಾಜ ಒಡೆಯರ್, 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಕಾಯಿಲೆ ಮತ್ತು ಕೈಕೊರತೆಯಲ್ಲಿ ದಿನ ನೂಕುತ್ತಿದ್ದ ರಷ್ಯಾದ ಸಂಗೀತಗಾರ ಮೆಟ್ನರನ ರಚನೆಗಳನ್ನು ಸ್ವಂತ ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿಸಿದರು. ಗಮನಿಸಿ, ಆತ ಇನ್ನೂ ಬದುಕಿದ್ದ! ಮೆಟ್ನರ್ ತನ್ನ ಮೂರನೇ ಪಿಯಾನೊ ಕಾಂಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ವಿಯೆನ್ನಾಕ್ಕೆ ಇದರಲ್ಲಿ ಕಲಿಯುವುದಿತ್ತು. ನಮಗೂ ಇತ್ತು. ನಮ್ಮ ಕಲಾವಿದರಿಗೆ ಮಾಸಾಶನ ಬರಬೇಕಾದರೆ ತಾನು ಬದುಕಿದ್ದೇನೆಂದು ವರ್ಷ ವರ್ಷ ಪ್ರಮಾಣಪತ್ರ ತರಬೇಕು, ವಿಯೆನ್ನಾದಲ್ಲಿ ಸತ್ತಿದ್ದೇನೆಂದು ತಂದರೆ ಸಾಕು. ಮೈಸೂರಿನ ದಂಪತಿ ಆಗ ವಿಗ್ಗಿನ ಮೊಜಾರ್ಟನ ಎಡಬಲ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರಾದ್ದರಿಂದ ನಾನು ಮೆಟ್ನರನ ಮಾತೆತ್ತಲಿಲ್ಲ.

ಆಪೆರಾ ಹೌಸಿನ ಮುಂದೆ ಹತ್ತು ನಿಮಿಷ. ಈ ಕಟ್ಟಡ ಇನ್ನೂ ಏಳುತ್ತಿರುವಾಗಲೇ ವಿಯೆನ್ನಾದವರು ನೆಲಕ್ಕೆ ಕುಸಿದ ಪೆಟ್ಟಿಗೆ ಎಂದು ಗೇಲಿ ಮಾಡಿದರು. ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ ಫಾನ್ ಡೆರ್ ನ್ಯುಲ್ 1868ರಲ್ಲಿ ನೇಣು ಹಾಕಿಕೊಂಡ, ಜೊತೆಗಾರ ಸಿಕಾರ್ಡ್ಸ್‌ಬುರ್ಗ್ ಎರಡು ತಿಂಗಳಲ್ಲಿ ಕಾಯಿಲೆಯಿಂದ ಸತ್ತ. ಮರುವರ್ಷ ಮೊಜಾರ್ಟನ 'ಡಾನ್ ಜೊವಾನಿ'ಯೊಂದಿಗೆ ಬಾಗಿಲು ತೆರೆದಾಗ ಇಬ್ಬರೂ ಇರಲಿಲ್ಲ. ಇದರಿಂದ ಬೆಚ್ಚಿದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅಂದಿನಿಂದ ಏನೇ ತೋರಿಸಿದರೂ 'ಬಹಳ ಚೆನ್ನಾಗಿತ್ತು, ನನಗೆ ತುಂಬ ಸಂತೋಷವಾಯಿತು' ಎಂಬ ಒಂದೇ ಮಾತಿಗೆ ನಿಂತನೆಂದು ಹೇಳುತ್ತಾರೆ. ನಮ್ಮ ಬಸ್ಸಿನಲ್ಲಿ ಅಂಥ ಚಕ್ರವರ್ತಿಗಳು ತುಂಬಿದ್ದರು. ಫ್ಯಾಮಿಲಿ ಗ್ರೂಪಿಗೆ ಎಲ್ಲರೂ ಕಳಿಸುತ್ತಿದ್ದದ್ದು ಅದನ್ನೇ: ಸೂಪರ್, ತುಂಬಾ ಖುಷಿ ಆಯ್ತು.

ಒಂದು ಮಾತನ್ನು ಮಾತ್ರ ಗೇಲಿಯಿಲ್ಲದೆ ಹೇಳಬೇಕು. ಇದೇ ಕಟ್ಟಡದ ಪಕ್ಕದ ಬಾಗಿಲಲ್ಲಿ ನಿಂತು ನೋಡುವ ಜಾಗಕ್ಕೆ, ಎರಡು ಕಾಫಿಯ ದುಡ್ಡಿಗೆ ಹೆಚ್ಚುಕಡಿಮೆ ಸರಿಯಾಗಿ, ಟಿಕೆಟ್ ಸಿಗುತ್ತದೆ. ವಿದ್ಯಾರ್ಥಿಗಳು, ಕೈಯಲ್ಲಿ ಸ್ವರಲಿಪಿ ಹಿಡಿದ ಮುದುಕಿಯರು ಸರತಿಯಲ್ಲಿ ನಿಂತಿರುತ್ತಾರೆ. ಒಳಗೆ ಹೋದವರು ಕಂಬಿಗೆ ಒಂದು ಸ್ಕಾರ್ಫ್ ಗಂಟು ಹಾಕಿ ಹೊರಗೆ ಅಡ್ಡಾಡಿ ಬರುತ್ತಾರೆ. ಆ ಗಂಟನ್ನು ಯಾರೂ ಬಿಚ್ಚುವುದಿಲ್ಲ. ಆಮೇಲೆ ಮೂರು ನಾಲ್ಕು ಗಂಟೆ ನಿಂತೇ ಕೇಳುತ್ತಾರೆ, ಹಾಡು ಹಳ್ಳ ಹಿಡಿದರೆ ಮುಲಾಜಿಲ್ಲದೆ ಕೂಗುತ್ತಾರೆ. ಅಲ್ಲಿ ವಿಗ್ಗಿನವರು ಯಾರೂ ಸುಳಿಯುವುದಿಲ್ಲ. ನಾನು ಇದನ್ನು ಜಯನಗರದ ಯಜಮಾನರಿಗೆ ವಿವರಿಸಿದೆ. "ನಿಂತ್ಕೊಂಡಾ?" ಎಂದರು. "ಸಾರ್, ಎರಡೂವರೆ ಲಕ್ಷ ಕೊಟ್ಟು ಬಂದಿರೋದು ನಿಂತ್ಕೊಳ್ಳೋಕಲ್ಲ."

ಕೂರುವುದಕ್ಕೆ ಆಪೆರಾದ ಬೆನ್ನಿಗೇ ಹೋಟೆಲ್ ಸಾಖರ್ ಇದೆ. 1832ರಲ್ಲಿ ರಾಜಮಂತ್ರಿ ಮೆಟರ್ನಿಕ್‌ನ ಅಡುಗೆಮನೆಯಲ್ಲಿ ಹದಿನಾರು ವರ್ಷದ ಹುಡುಗ ಫ್ರಾನ್ಸ್ ಸಾಖರ್ ಮಾಡಿದ ಚಾಕೊಲೇಟ್ ಕೇಕು ಅಲ್ಲಿನ ಪ್ರಸಾದ. ಅಸಲಿ ಕೇಕು ಯಾರದು ಎಂದು ಈ ಹೋಟೆಲಿಗೂ ಡೆಮೆಲ್ ಬೇಕರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದು 1963ರಲ್ಲಿ ರಾಜಿಯಾಯಿತು. ವ್ಯಾಜ್ಯದಲ್ಲಿ ತೂಗಿ ನೋಡಿದ ಸಂಗತಿಗಳಲ್ಲಿ ಒಂದು, ಜರ್ದಾಳು ಹಣ್ಣಿನ ಜಾಮು ಕೇಕಿನ ನಡುವೆಯೂ ಇರಬೇಕೋ ಮೇಲೆ ಮಾತ್ರವೋ ಎಂಬುದು. ಮೊಜಾರ್ಟನನ್ನು ಹೂತದ್ದು ಎಲ್ಲಿ ಎಂದು ಇಷ್ಟು ಆಸ್ಥೆಯಿಂದ ಯಾರಾದರೂ ಆಗಲೇ ಬರೆದಿಟ್ಟಿದ್ದರೆ ಎರಡನೇ ಗೋರಿಯ ಖರ್ಚು ಉಳಿಯುತ್ತಿತ್ತು.

ಜನವರಿ 1ರ ಬೆಳಿಗ್ಗೆ ಟಿವಿಯಲ್ಲಿ ಬರುವ ಹೊಸ ವರ್ಷದ ಕಛೇರಿಯನ್ನು ನೀವೂ ನೋಡಿರುತ್ತೀರಿ. ನಮ್ಮ ಮುಂಬೈಯ ಜುಬಿನ್ ಮೆಹ್ತಾ ಐದು ಸಲ ನಡೆಸಿಕೊಟ್ಟಿದ್ದಾರೆ. ಟಿಕೆಟ್ಟಿಗೆ ಲಾಟರಿ. ಹೂವು, ಬಂಗಾರ, 'ನೀಲಿ ಡ್ಯಾನ್ಯೂಬ್', ಕೊನೆಗೆ ರಾಡೆಟ್ಸ್‌ಕಿ ಮಾರ್ಚಿಗೆ ಎಲ್ಲರ ಚಪ್ಪಾಳೆ. ಈ ಪುರಾತನ ಸಂಪ್ರದಾಯ ಶುರುವಾದದ್ದು 1939ರ ಡಿಸೆಂಬರ್ 31ರಂದು, ನಾಜಿಗಳ ಆಳ್ವಿಕೆಯಲ್ಲಿ, ಅವರದೇ ನಿಧಿಯ ಸಹಾಯಾರ್ಥ. ಅವರಿಗೊಂದು ಪೇಚಾಟ ಎದುರಾಯಿತು. ವಾಲ್ಟ್ಸ್ ದೊರೆ ಯೋಹಾನ್ ಸ್ಟ್ರೌಸನ ಮುತ್ತಾತ ಮತಾಂತರಗೊಂಡ ಯಹೂದಿ ಎಂದು ಚರ್ಚಿನ ಮದುವೆ ದಾಖಲೆ ಹೇಳುತ್ತಿತ್ತು. ವಾಲ್ಟ್ಸ್ ಬಿಡುವಂತಿಲ್ಲ, ವಂಶಾವಳಿ ಒಪ್ಪುವಂತಿಲ್ಲ. ದಾಖಲೆಯನ್ನು ಹೊತ್ತೊಯ್ದು, ಆ ಹೆಸರಿಲ್ಲದ ನಕಲನ್ನು ಚರ್ಚಿಗೆ ವಾಪಸು ಕೊಟ್ಟರು. ಪೂರ್ವಜರ ಕಾಗದಪತ್ರ ತಿದ್ದಿಸುವ ವಿದ್ಯೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಹುಟ್ಟಿದ್ದೆಂದು ಬೀಗುತ್ತಿದ್ದವರು ಗಮನಿಸಬೇಕು. ಇನ್ನು ಈ ಕಛೇರಿ ನುಡಿಸುವ ವಾದ್ಯವೃಂದ ಹೆಂಗಸರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1997ರಲ್ಲಿ. ಡ್ಯಾನ್ಯೂಬ್ ನೀಲಿಯಾಗಿಲ್ಲ ಎಂಬ ದೂರು ಇದರ ಮುಂದೆ ಏನೂ ಅಲ್ಲ, ಆದರೂ ಬಸ್ಸಿನಲ್ಲಿ ಎಲ್ಲರ ದೂರು ಅದೊಂದೇ. ಅವರು ನೋಡುತ್ತಿದ್ದದ್ದು ಡ್ಯಾನ್ಯೂಬನ್ನೂ ಅಲ್ಲ, ಊರೊಳಗೆ ಹಾಯುವ ಅದರ ಕಾಲುವೆಯನ್ನು.

ಸಂಜೆ ಬಸ್ಸು ಹೋಟೆಲಿನತ್ತ ತಿರುಗಿದಾಗ ಸೀಟುಗಳ ಮೇಲೆಲ್ಲ ಕೆಂಪು-ಬಂಗಾರ ಬಣ್ಣದ ಡಬ್ಬಿಗಳ ರಾಶಿ. ಮೊಜಾರ್ಟನ ಮುಖವಿರುವ ಚಾಕೊಲೇಟ್ ಉಂಡೆ. ಗೈಡ್ ಮೈಕು ಹಿಡಿದ. ನಾಳೆ ಸಾಲ್ಸ್‌ಬರ್ಗ್, ಮೊಜಾರ್ಟ್ ಹುಟ್ಟಿದ ಊರು. ಮೊಜಾರ್ಟ್ ಆ ಊರು ಕಂಡರಾಗದೆ ಬಿಟ್ಟು ಬಂದದ್ದನ್ನು ಗೈಡ್ ಹೇಳಲಿಲ್ಲ, ಅಲ್ಲಿನ ವಿಮಾನ ನಿಲ್ದಾಣಕ್ಕೆ ಮೊಜಾರ್ಟನ ಹೆಸರಿಟ್ಟಿರುವುದನ್ನು ಹೇಳಿದ. ಆಮೇಲೆ ಮುಖ್ಯ ವಿಷಯಕ್ಕೆ ಬಂದ: ಈ ಉಂಡೆಯನ್ನು 1890ರಲ್ಲಿ ಮೊದಲು ಮಾಡಿದ್ದು ಸಾಲ್ಸ್‌ಬರ್ಗಿನ ಫ್ಯೂರ್ಸ್ಟ್ ಎಂಬ ಮಿಠಾಯಿಗಾರ, ಅಸಲಿಯದಕ್ಕೆ ಬೆಳ್ಳಿ-ನೀಲಿ ಕಾಗದ, ಅದು ಆ ಊರಿನ ಅವರ ಅಂಗಡಿಯಲ್ಲಿ ಸಿಗುತ್ತದೆ.

ಬಸ್ಸಿನಲ್ಲಿ ಅಂತ್ಯಾಕ್ಷರಿ ನಿಂತಿತು.

"ಹಾಗಾದ್ರೆ ನಾವು ತಗೊಂಡಿರೋದು ಡೂಪ್ಲಿಕೇಟಾ?" ಜಯನಗರದ ಯಜಮಾನರು ಡಬ್ಬಿ ತಿರುಗಿಸಿ ನೋಡಿದರು.

"ಅದ್ಯಾಕೆ ಅಷ್ಟು ತಲೆ ಕೆಡಿಸ್ಕೋತೀರಿ?" ಎಂದರು ಅವರ ಮನೆಯವರು. "ಅದನ್ನ ನಿಮ್ಮ ತಂಗಿ ಮನೆಗೆ ಕೊಟ್ರಾಯ್ತು. ಅಸಲೀದು ನಾಳೆ ನಮಗೆ ತಗೊಳ್ಳೋಣ."